ಯುಪಟೋರಿಯಂ ಗಿಡ: ಅದರ ಗುರುತು, ಬೆಳೆಯುವ ಬಗೆ ಮತ್ತು ಸೊಪ್ಪಿನಬೆಟ್ಟದ ರಕ್ಷಣೆ

ಪೀಠಿಕೆ

ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕುಗಳ ಅಡಕೆ ತೋಟಗಳು ಸೊಪ್ಪಿನಬೆಟ್ಟಗಳನ್ನು ಆಶ್ರಯಿಸಿಕೊಂಡು ಬೆಳೆದವೆಂಬುದು ಎಲ್ಲರಿಗೂ ತಿಳಿದ ವಿಷಯ. ಬೆಟ್ಟದ ಹಸಿರು ಸೊಪ್ಪು ಕೊಟ್ಟಿಗೆಗೆ ಬಂದು, ದನಗಳ ಕಾಲಡಿಯಲ್ಲಿ ತುಳಿಸಿಕೊಂಡು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಬೇಸಗೆಯಲ್ಲಿ ಉದುರಿದ ತರಗೆಲೆಯೂ ಇದೇ ದಾರಿಯನ್ನು ಹಿಡಿಯುತ್ತದೆ. ಆದಕಾರಣ ಬೆಟ್ಟಕ್ಕೆ ಬಂದ ಕೇಡು ಸ್ವಲ್ಪ ಕಾಲದಲ್ಲಿಯೇ ತೋಟಕ್ಕೂ ಬರುವುದು ಸಹಜವು.

ಅರಳಸುರಳಿಯ ಸುತ್ತಿನ ಯಾವುದಾದರೊಂದು ಬೆಟ್ಟದಂಚಿನಲ್ಲಿ ಜನವರಿ ತಿಂಗಳಲ್ಲಿ ನಿಂತು ನೋಡಿದರೆ, ಮರಗಳ ನಡುವಣ ಬಯಲೆಲ್ಲವೂ ಆಳೆತ್ತರದ ಒಂದು ಪೊದೆಯಿಂದ ತುಂಬಿ, ಅದರ ಮೇಲೆ ನಸುಬಿಳುಪಿನ ಹೂವು ಹಾಸಿದಂತೆ ಕಾಣುವುದುಂಟು. ಇದೇ ಯುಪಟೋರಿಯಂ ಗಿಡ. ಇದನ್ನು ದಿನವೂ ನೋಡುವವರಲ್ಲಿಯೂ ಅನೇಕರು ಬೇರೆ ಕಳೆಗಳೊಡನೆ ಸೇರಿಸಿ ಹೇಳುವರು. ಕೆಲವರು ಹೂ ಬಿಟ್ಟ ಮೇಲೆ ಕಡಿಯುವರು. ಮತ್ತೆ ಕೆಲವರು ಬೇಸಗೆಯಲ್ಲಿ ಬೆಂಕಿಯಿಟ್ಟು, ಪೀಡೆ ತೊಲಗಿತೆಂದು ತಿಳಿಯುವರು. ಈ ಮೂರೂ ತಪ್ಪುಗಳಿಂದ ಗಿಡಕ್ಕೆ ಅನುಕೂಲವಾಗುವುದೇ ಹೊರತು ಕೇಡಾಗುವುದಿಲ್ಲ. ಗಿಡವನ್ನು ಸರಿಯಾಗಿ ಗುರುತಿಸಿ, ಹೂ ಬಿಡುವುದಕ್ಕೆ ಮೊದಲೇ ಕಡಿದು ಗೊಬ್ಬರಕ್ಕೆ ಹಾಕಿ, ಬೆಟ್ಟಕ್ಕೆ ನೆರಳನ್ನು ಮರಳಿ ಕೊಟ್ಟರೆ, ಈ ಪೀಡೆಯನ್ನು ಹತೋಟಿಯಲ್ಲಿಡುವುದು ಸಾಧ್ಯವೆಂದು ತಿಳಿಸುವುದೇ ಈ ಲೇಖನದ ಉದ್ದೇಶ. ಊರಿನ ಮುಖಂಡರೂ ಹಿಡುವಳಿದಾರರೂ ಇದನ್ನು ಗಮನವಿಟ್ಟು ಓದಿ, ಅಕ್ಷರ ಬಾರದ ನೆರೆಹೊರೆಯವರಿಗೂ ತಿಳಿಸಬೇಕಾಗಿ ಕೋರಿಕೆ.

1. ಹೆಸರು ಮತ್ತು ಮೂಲಸ್ಥಾನ

ಈ ಗಿಡವು ನಮ್ಮ ದೇಶದ್ದಲ್ಲ. ಇದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ; ಉತ್ತರದಲ್ಲಿ ಫ್ಲಾರಿಡಾದಿಂದ ದಕ್ಷಿಣದಲ್ಲಿ ಅರ್ಜೆಂಟೀನಾದ ಉತ್ತರ ಭಾಗದವರೆಗೆ ಇದು ಸ್ವಾಭಾವಿಕವಾಗಿ ಬೆಳೆಯುತ್ತದೆ. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೇಯಸನು 1759ರಲ್ಲಿ ಇದಕ್ಕೆ ಯುಪಟೋರಿಯಂ ಒಡೊರೇಟಮ್ ಎಂದು ಹೆಸರಿಟ್ಟನು. ಒಡೊರೇಟಮ್ ಎಂದರೆ ವಾಸನೆಯುಳ್ಳದ್ದೆಂದು ಅರ್ಥ. 1970ರಲ್ಲಿ ಶಾಸ್ತ್ರಜ್ಞರು ಇದನ್ನು ಬೇರೆ ಜಾತಿಗೆ ಸೇರಿಸಿ ಕ್ರೋಮೋಲೀನ ಒಡೊರೇಟ ಎಂದು ಕರೆದರು. ಪುಸ್ತಕಗಳಲ್ಲಿ ಈಗ ಕಾಣುವುದು ಈ ಎರಡನೆಯ ಹೆಸರಾದರೂ ನಮ್ಮ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ, ಅಂದರೆ 1840ರ ದಶಕದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಇದನ್ನು ಅಲಂಕಾರದ ಗಿಡವಾಗಿ ಬೆಳೆಸುತ್ತಿದ್ದರು. ಹೂವಿನ ಚೆಲುವಿಗಾಗಿ ತಂದ ಗಿಡವು ತೋಟದ ಬೇಲಿಯನ್ನು ದಾಟಿ ಬಂಗಾಳ, ಅಸ್ಸಾಂ, ಬರ್ಮಾ ಪ್ರಾಂತಗಳಿಗೆ ಹಬ್ಬಿತು. ಆಮೇಲೆ ಪಶ್ಚಿಮಘಟ್ಟಗಳಿಗೂ ಬಂದಿತು. ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಇದಕ್ಕೆ ಕಮ್ಯುನಿಸ್ಟ್ ಗಿಡವೆಂಬ ಹೆಸರುಂಟು. ಬಯಲುಸೀಮೆಯವರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೀನಿಯಂ ಬೇರೆಯೇ ಕಳೆ. ಹೆಸರುಗಳು ಬಾಯಲ್ಲಿ ಅದಲುಬದಲಾಗುವುದರಿಂದ, ಯಾರಾದರೂ ಒಂದು ಉಪಾಯವನ್ನು ಹೇಳಿದಾಗ ಅದು ಯಾವ ಗಿಡಕ್ಕೆಂದು ಮೊದಲು ಕೇಳಿ ತಿಳಿಯುವುದು ಮೇಲು.

2. ಗಿಡದ ಲಕ್ಷಣಗಳು

ಯುಪಟೋರಿಯಂ ಸೇವಂತಿಗೆಯ ಕುಟುಂಬಕ್ಕೆ ಸೇರಿದುದು. ಸೂರ್ಯಕಾಂತಿ, ಹುಚ್ಚೆಳ್ಳು, ಕುಸುಬೆ ಇವೂ ಅದೇ ಕುಟುಂಬದವು. ಈ ಕುಟುಂಬದ ಗುಣವೇನೆಂದರೆ, ನಾವು ಒಂದು ಹೂವೆಂದು ತಿಳಿಯುವುದು ನಿಜವಾಗಿ ಅನೇಕ ಸಣ್ಣ ಹೂಗಳ ಗೊಂಚಲು. ಸೂರ್ಯಕಾಂತಿಯ ಒಂದು ತಟ್ಟೆಯಲ್ಲಿ ನೂರಾರು ಕಾಳುಗಳಾಗುವುದು ಈ ಕಾರಣದಿಂದಲೇ. ಪ್ರತಿಯೊಂದು ಕಾಳೂ ಒಂದೊಂದು ಸಣ್ಣ ಹೂವಿನಿಂದಾದುದು. ಯುಪಟೋರಿಯಂ ಗಿಡವು ಇಷ್ಟು ಬೇಗ ಹಬ್ಬುವುದಕ್ಕೂ ಇದೇ ಗುಣ ಕಾರಣವಾಗಿರುವುದರಿಂದ, ಇದನ್ನು ನೆನಪಿನಲ್ಲಿಡತಕ್ಕದ್ದು.

ಗಿಡವನ್ನು ಗುರುತಿಸಬೇಕಾದರೆ ಈ ಮುಂದಿನ ಲಕ್ಷಣಗಳನ್ನು ಒಂದೊಂದಾಗಿ ಪರೀಕ್ಷಿಸಿರಿ.

ಎತ್ತರ: ಬಯಲಿನಲ್ಲಿ ಆರರಿಂದ ಹತ್ತು ಅಡಿಗಳವರೆಗೆ ಬೆಳೆದು ದಟ್ಟವಾದ ಪೊದೆಯಾಗುತ್ತದೆ. ಪಕ್ಕದಲ್ಲಿ ಮರವಿದ್ದರೆ ಅದಕ್ಕೆ ಒರಗಿಕೊಂಡು ಇನ್ನೂ ಮೇಲಕ್ಕೆ ಏರುವುದು.

ಕಾಂಡ: ದುಂಡಗಿರುವುದು, ಮುಳ್ಳಿಲ್ಲ. ಎಳೆಯ ಕಾಂಡದ ಮೇಲೆ ನವಿರಾದ ರೋಮಗಳಿರುತ್ತವೆ; ಮುರಿದರೆ ಲಟಕ್ಕನೆ ಮುರಿಯುವುದು; ಒಳಗೆ ಮೆತ್ತನೆಯ ತಿರುಳಿದೆ. ಬಲಿತ ಕಾಂಡವು ಬುಡದಲ್ಲಿ ಕಟ್ಟಿಗೆಯಂತಾಗುತ್ತದೆ. ಕೊಂಬೆಗಳು ಜೋಡಿ ಜೋಡಿಯಾಗಿ ಎದುರುಬದುರಿಗೆ ಹೊರಟು ಅಗಲವಾಗಿ ಚಾಚಿಕೊಳ್ಳುತ್ತವೆ.

ಎಲೆ: ಎಲೆಗಳೂ ಜೋಡಿಯಾಗಿಯೇ ಹುಟ್ಟುತ್ತವೆ. ಎರಡರಿಂದ ಐದು ಅಂಗುಲ ಉದ್ದ. ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಚೂಪಾಗಿ ತ್ರಿಕೋನದಂತೆ ಇರುವುವು. ಅಂಚಿನಲ್ಲಿ ದೊಡ್ಡ ಹಲ್ಲುಗಳಿವೆ. ಎಲ್ಲಕ್ಕಿಂತ ಮುಖ್ಯವಾದ ಗುರುತೆಂದರೆ, ಎಲೆಯ ಬುಡದಿಂದ ಮೂರು ನರಗಳು ಹೊರಟು ತ್ರಿಶೂಲದಂತೆ ಕಾಣುವುದು. ಎಲೆಯನ್ನು ಬೆಳಕಿಗೆ ಹಿಡಿದರೆ ಈ ತ್ರಿಶೂಲವು ಚೆನ್ನಾಗಿ ತೋರುವುದು.

ವಾಸನೆ: ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕಟುವಾದ ವಾಸನೆ ಬರುತ್ತದೆ.

ಹೂವು: ಕೊಂಬೆಗಳ ತುದಿಯಲ್ಲಿ ಛತ್ರಿಯಾಕಾರದ ಗೊಂಚಲುಗಳು. ಒಂದೊಂದು ಹೂತಲೆಯೂ ಅರ್ಧ ಅಂಗುಲಕ್ಕಿಂತ ಕಡಮೆ ಉದ್ದವಾಗಿ, ಸಣ್ಣ ಕೊಳವೆಯಂತಿರುವುದು. ಅದರ ಸುತ್ತ ಹಸಿರು ಹೊದಿಕೆಯ ಎಸಳುಗಳು ಸಾಲು ಸಾಲಾಗಿ ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಒಳಗೆ 15ರಿಂದ 35ರವರೆಗೆ ಸಣ್ಣ ಹೂಗಳುಂಟು. ಸೂರ್ಯಕಾಂತಿಗಿರುವಂತೆ ಸುತ್ತಲೂ ಅಗಲವಾದ ದಳಗಳು ಇಲ್ಲ. ಎಲ್ಲವೂ ಕೊಳವೆ ಹೂಗಳೇ. ಬಣ್ಣ ಬಿಳುಪು, ಅಥವಾ ನಸುನೇರಿಳೆ ಬೆರೆತ ಬಿಳುಪು. ಹೂವಿನಿಂದ ಉದ್ದವಾದ ಎಳೆಗಳು ಹೊರಚಾಚುವುದರಿಂದ ಗೊಂಚಲು ಕುಂಚದಂತೆ ಕಾಣುವುದು.

ಬೀಜ: ಕಪ್ಪು ಬಣ್ಣ, ಅಂಗುಲದ ಆರರಲ್ಲೊಂದು ಭಾಗದಷ್ಟು ಉದ್ದ, ಕಡ್ಡಿಯಂತೆ ಸಣ್ಣ. ತಲೆಯಲ್ಲಿ ಬಿಳಿಯ ರೋಮಗಳ ಕುಚ್ಚು ಇರುವುದರಿಂದ ಗಾಳಿಯಲ್ಲಿ ತೇಲಿಹೋಗುವುದು.

3. ಇದನ್ನು ಹೋಲುವ ಬೇರೆ ಗಿಡಗಳು

ಕೆಲವು ಗಿಡಗಳನ್ನು ಯುಪಟೋರಿಯಂ ಎಂದು ತಿಳಿಯುವುದೂ, ಇದನ್ನು ಬೇರೆಯದೆಂದು ತಿಳಿಯುವುದೂ ಉಂಟು. ಅವುಗಳ ಭೇದ ಹೀಗಿದೆ.

ಲಾಂಟಾನ: ಬೇಲಿಗಳಲ್ಲಿಯೂ ಕಾಡಿನಂಚಿನಲ್ಲಿಯೂ ಹೇರಳ. ಇದರ ಕಾಂಡವು ನಾಲ್ಕು ಮೂಲೆಯದು, ಮೈಮೇಲೆ ಕೊಕ್ಕೆಮುಳ್ಳುಗಳಿವೆ, ಹೂವು ಹಳದಿ, ಕೆಂಪು, ಗುಲಾಬಿ ಬಣ್ಣಗಳದು, ಕಪ್ಪಾಗಿ ಹಣ್ಣಾಗುವ ಕಾಯಿಗಳಿರುತ್ತವೆ. ಇದು ಸೇವಂತಿಗೆಯ ಕುಟುಂಬದ್ದೇ ಅಲ್ಲ.

ಪಾರ್ಥೀನಿಯಂ: ಎಲೆಯು ಸೇವಂತಿಗೆಯ ಎಲೆಯಂತೆ ಆಳವಾಗಿ ಸೀಳಿರುವುದು, ಎಲೆಗಳು ಜೋಡಿಯಾಗಿ ಇರದೆ ಒಂದಾದ ಮೇಲೊಂದು ಬರುತ್ತವೆ, ಹೂವು ಬಿಳಿಯ ಸಣ್ಣ ಗುಂಡಿಯಂತೆ. ಇದು ಒಂದೇ ವರ್ಷ ಬಾಳುವ ಗಿಡ, ಪೊದೆಯಾಗುವುದಿಲ್ಲ.

ನಾಯಿತುಳಸಿ: ತೋಟದಲ್ಲಿಯೂ ಗದ್ದೆಯ ಬದುವಿನಲ್ಲಿಯೂ ಬೆಳೆಯುವ ಒಂದೆರಡು ಅಡಿಯ ಸಣ್ಣ ಗಿಡ, ಹೂವು ತೆಳುನೀಲಿ ಅಥವಾ ಬಿಳಿ. ಎಲೆಯೂ ಹೂವೂ ಯುಪಟೋರಿಯಂ ಅನ್ನು ಸ್ವಲ್ಪ ಹೋಲುವುದಾದರೂ, ಎಲೆಯ ಅಂಚು ದುಂಡು ಹಲ್ಲಿನದು, ಗಿಡವು ಕಟ್ಟಿಗೆಯಾಗುವುದಿಲ್ಲ.

ಮೈಕೇನಿಯ: ಹೂವು ಹೋಲುತ್ತದೆ, ಆದರೆ ಇದು ಬಳ್ಳಿ. ಎಲೆ ಹೃದಯದ ಆಕಾರದ್ದು. ಒಂದು ಹೂತಲೆಯಲ್ಲಿ ನಾಲ್ಕೇ ಹೂಗಳಿರುತ್ತವೆ. ಕೇರಳದಲ್ಲಿಯೂ ಕೊಡಗಿನ ಕಡೆಯಲ್ಲಿಯೂ ಇದು ತೋಟಗಳನ್ನು ಮುಚ್ಚಿದೆ. ನಮ್ಮ ಊರುಗಳಲ್ಲಿ ಎಲ್ಲಿಯಾದರೂ ಕಂಡರೆ ತಡಮಾಡದೆ ಬೇರುಸಹಿತ ಕೀಳತಕ್ಕದ್ದು.

ನೀಲಗಿರಿ, ಕೊಡೈಕನಾಲ್ ಮುಂತಾದ ಎತ್ತರದ ಬೆಟ್ಟಗಳಲ್ಲಿ ಇದರ ದಾಯಾದಿಯಾದ ಇನ್ನೊಂದು ಗಿಡವಿದೆ. ಅದರ ಕಾಂಡವು ಕೆನ್ನೇರಿಳೆ, ಹೂವು ಅಚ್ಚಬಿಳಿ. ಯುಪಟೋರಿಯಂ ತಂಪಾದ ಎತ್ತರದ ಪ್ರದೇಶವನ್ನು ಅಷ್ಟಾಗಿ ಒಗ್ಗದೆ, ಸುಮಾರು ಮೂರು ಸಾವಿರ ಅಡಿಗಳ ಕೆಳಗಿನ ಬೆಟ್ಟಗಳಲ್ಲಿ ಹೆಚ್ಚಾಗಿ ಬೆಳೆಯುವುದು. ತೀರ್ಥಹಳ್ಳಿ, ಹೊಸನಗರ ಸೀಮೆಯ ಬೆಟ್ಟಗಳ ಎತ್ತರವೂ ಮಳೆಯೂ ಇದಕ್ಕೆ ಹೇಳಿಮಾಡಿಸಿದಂತಿವೆ.

4. ವರ್ಷದಲ್ಲಿ ಗಿಡದ ನಡವಳಿಕೆ

ಗಿಡದ ನಡವಳಿಕೆಯನ್ನು ತಿಳಿಯದೆ ಅದರ ಮೇಲೆ ಆಳುಗಳನ್ನು ಕಳುಹಿಸುವುದು ಹಣವನ್ನು ಪೋಲುಮಾಡಿದಂತೆ.

ಮೃಗಶಿರ, ಆರಿದ್ರ ಮಳೆಗಳು ಹಿಡಿಯುತ್ತಲೇ ನೆಲದ ಮೇಲೆ ಬಿದ್ದ ಬೀಜಗಳು ಮೊಳೆಯುತ್ತವೆ. ಮೊಳೆಯುವುದಕ್ಕೆ ಬೆಳಕು ಬೇಕು. ದಟ್ಟವಾದ ನೆರಳಿನಲ್ಲಿ ಸಸಿ ಏಳುವುದು ಕಡಮೆ, ಎದ್ದರೂ ಬಲಿಯುವುದಿಲ್ಲ. ಅದೇ ಸಮಯದಲ್ಲಿ ಹಳೆಯ ಬುಡಗಳಿಂದ ಹೊಸ ಚಿಗುರುಗಳು ಹೊರಡುತ್ತವೆ. ಮಳೆಗಾಲವೆಲ್ಲವೂ ಗಿಡವು ಸೊಪ್ಪನ್ನೇ ಬೆಳೆಸುವುದು. ಹಗಲು ಚಿಕ್ಕದಾಗುತ್ತ ಬಂದಂತೆ ಬೆಳವಣಿಗೆ ನಿಂತು ಮೊಗ್ಗು ಮೂಡುವುದು. ನಮ್ಮ ಸೀಮೆಯಲ್ಲಿ ನವೆಂಬರಿನಲ್ಲಿ ಮೊಗ್ಗು, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೂವು, ಫೆಬ್ರವರಿ ಮಾರ್ಚಿಗಳಲ್ಲಿ ಬೀಜ ಎಂದು ಸ್ಥೂಲವಾಗಿ ಹೇಳಬಹುದು. ಬೇಸಗೆಯಲ್ಲಿ ಎಲೆಯುದುರಿ ಕಾಂಡಗಳು ಒಣಗಿದರೂ ಬುಡವು ಜೀವದಿಂದಿದ್ದು, ಮುಂದಿನ ಮಳೆಗೆ ಮತ್ತೆ ಚಿಗುರುವುದು.

ಒಂದು ದೊಡ್ಡ ಪೊದೆಯು ಒಂದು ವರ್ಷದಲ್ಲಿ ಹತ್ತಾರು ಸಾವಿರ ಬೀಜಗಳನ್ನು ಬಿಡಬಲ್ಲದು. ಇದರ ಬೀಜ ಕಟ್ಟುವುದಕ್ಕೆ ಪರಾಗಸ್ಪರ್ಶವೂ ಬೇಕಿಲ್ಲವಾದ್ದರಿಂದ ಒಂಟಿ ಗಿಡವೊಂದೇ ಒಂದು ಬೆಟ್ಟಕ್ಕೆ ಸಾಕಾಗುತ್ತದೆ. ಬೀಜವು ಗಾಳಿಯಲ್ಲಿ ಹಾರುವುದಲ್ಲದೆ, ದನಗಳ ಮೈಗೂ ಜನರ ಬಟ್ಟೆಗೂ ಅಂಟಿಕೊಂಡು, ಗಾಡಿಗಳ ಚಕ್ರದ ಮಣ್ಣಿನೊಡನೆ ಸೇರಿ, ದೂರ ದೂರ ಹೋಗುವುದು. ಮೊಳೆಯದೆ ಉಳಿದ ಕೆಲವು ಬೀಜಗಳು ಮಣ್ಣಿನಲ್ಲಿದ್ದು ಮುಂದಿನ ವರ್ಷಗಳಲ್ಲಿ ಏಳುತ್ತವೆ. ಒಂದು ವರ್ಷ ಕಡಿದು ಕೈತೊಳೆದುಕೊಂಡರೆ ಸಾಲದೆಂಬುದು ಇದರಿಂದ ಸ್ಪಷ್ಟವಾಗುವುದು.

5. ಬೆಟ್ಟಕ್ಕೆ ಇದು ಬಂದುದೇಕೆ

ಈ ಗಿಡಕ್ಕೆ ದಟ್ಟವಾದ ನೆರಳು ಆಗದು. ಮರಗಳು ಕೂಡಿಕೊಂಡಿರುವ ಕಾನಿನ ಒಳಗೆ ಹೋಗಿ ನೋಡಿರಿ. ಅಲ್ಲಿ ಇದು ಇಲ್ಲವೆಂದೇ ಹೇಳಬಹುದು. ಕಾನಿನ ಅಂಚಿನಲ್ಲಿ, ರಸ್ತೆಯ ಪಕ್ಕದಲ್ಲಿ, ಮರ ಬಿದ್ದ ಕಡೆಯಲ್ಲಿ, ಬೇಣಗಳಲ್ಲಿ, ಮೇಲಿಂದ ಮೇಲೆ ಕೊಂಬೆ ಕಡಿದು ಬೋಳಾದ ಸೊಪ್ಪಿನಬೆಟ್ಟಗಳಲ್ಲಿ ಇದು ತುಂಬಿಕೊಂಡಿರುವುದು. ಹೀಗಿರುವಾಗ ಗಿಡವು ಬೆಟ್ಟವನ್ನು ಹಾಳುಮಾಡಿತೆಂದು ಹೇಳುವುದು ಅರ್ಧ ನಿಜ ಮಾತ್ರ. ಬೆಟ್ಟದ ನೆರಳನ್ನು ಮೊದಲು ಕಳೆದವರು ನಾವು. ತೆರೆದ ಬಾಗಿಲಿನಿಂದ ಗಿಡವು ಒಳಕ್ಕೆ ಬಂದಿತು.

ಮತ್ತಿ, ಹುಣಾಲು, ನೇರಲು, ಹೊನ್ನೆ, ನಂದಿ ಮುಂತಾದ ಮರಗಳನ್ನು ಸರದಿಯ ಮೇಲೆ ಸವರಿ, ತುದಿಯ ಕುಡಿಯನ್ನು ಉಳಿಸಿದರೆ ಮರವು ಚೇತರಿಸಿಕೊಳ್ಳುವುದು. ಪ್ರತಿ ವರ್ಷವೂ ಬೋಳಾಗುವಂತೆ ಕಡಿದರೆ ಮರವು ಸೊರಗಿ, ನೆಲಕ್ಕೆ ಬಿಸಿಲು ಬಿದ್ದು, ಯುಪಟೋರಿಯಂ ಎದ್ದುನಿಲ್ಲುವುದು. ಒಮ್ಮೆ ಅದು ಪೊದೆಯಾದ ಮೇಲೆ ಮರಗಳ ಬೀಜದಿಂದ ಹುಟ್ಟಿದ ಸಸಿಗಳಿಗೆ ಬೆಳಕಿಲ್ಲದಂತಾಗಿ ಅವು ಸಾಯುತ್ತವೆ. ಹಳೆಯ ಮರ ಬಿದ್ದರೆ ಅದರ ಜಾಗಕ್ಕೆ ಬರುವ ಮರವಿಲ್ಲ. ಈ ವಿಧವಾಗಿ ಒಂದು ತಲೆಮಾರಿನಲ್ಲಿ ಸೊಪ್ಪಿನಬೆಟ್ಟವು ಹೆಸರಿಗೆ ಮಾತ್ರ ಉಳಿಯುವ ಅಪಾಯವುಂಟು.

6. ಇದರಿಂದಾಗುವ ಇತರ ಹಾನಿಗಳು

ದನಗಳು ಈ ಸೊಪ್ಪನ್ನು ಮೇಯುವುದಿಲ್ಲ. ಎಳೆಯ ಎಲೆಗಳಲ್ಲಿ ನೈಟ್ರೇಟ್ ಎಂಬ ಲವಣವು ಹೆಚ್ಚಾಗಿರುವುದರಿಂದ, ಮೇವಿಲ್ಲದ ಕಾಲದಲ್ಲಿ ಹಸಿದ ದನವು ತಿಂದರೆ ಕೇಡಾಗುವುದು. ಬೇರೆ ಮೇವಿನೊಡನೆ ಬೆರೆಸಿ ಕೊಡುವುದೂ ಕೂಡದು. ಈ ಗಿಡವು ಹುಲ್ಲನ್ನು ಮುಚ್ಚಿಹಾಕುವುದರಿಂದ ಗೋಮಾಳಗಳಲ್ಲಿಯೂ ಬೇಣಗಳಲ್ಲಿಯೂ ಮೇವು ಕ್ಷೀಣವಾಗುವುದು.

ಎರಡನೆಯದು ಬೆಂಕಿಯ ಭಯ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಒಣಗಿ ನಿಂತ ಕಾಂಡಗಳು ಸಣ್ಣ ಕಿಡಿಗೂ ಹತ್ತಿಕೊಂಡು ಉರಿಯುತ್ತವೆ. ತರಗೆಲೆಯ ಬೆಂಕಿ ನೆಲದ ಮೇಲೆ ಹರಿದುಹೋಗುವುದು. ಯುಪಟೋರಿಯಂ ಪೊದೆಯ ಬೆಂಕಿಯಾದರೋ ಆಳೆತ್ತರಕ್ಕೆ ಎದ್ದು ಮರದ ಕೊಂಬೆಗಳನ್ನು ಮುಟ್ಟುವುದು.

ಕೆಲವರು ಬೇಕೆಂದೇ ಬೆಂಕಿಯಿಡುವುದುಂಟು. ಇದು ಕಾನೂನಿಗೆ ವಿರುದ್ಧವಾದುದು. ಅಷ್ಟೇ ಅಲ್ಲ, ನಿಷ್ಪ್ರಯೋಜಕವೂ ಹೌದು. ಬೆಂಕಿಯಿಂದ ಮರದ ಸಸಿಗಳೂ ತರಗೆಲೆಯೂ ಸುಟ್ಟುಹೋಗುವುವು. ನೆಲವು ಇನ್ನಷ್ಟು ಬಯಲಾಗುವುದು. ಯುಪಟೋರಿಯಂ ಮಾತ್ರ ಮಳೆ ಬಿದ್ದೊಡನೆ ಬುಡದಿಂದ ಚಿಗುರಿ, ಎದುರಾಳಿಗಳಿಲ್ಲದ ನೆಲದಲ್ಲಿ ಮೊದಲಿಗಿಂತ ಸೊಂಪಾಗಿ ಬೆಳೆಯುವುದು. ಬೆಟ್ಟಕ್ಕೆ ಬೆಂಕಿಯಿಡುವವನು ಈ ಗಿಡಕ್ಕಾಗಿ ಹೊಲವನ್ನು ಹಸನುಮಾಡಿಕೊಟ್ಟಂತಾಗುವುದು.

7. ಯಾವಾಗ ಕಡಿಯಬೇಕು

ಈ ಲೇಖನದಲ್ಲಿ ಅತ್ಯಂತ ಮುಖ್ಯವಾದ ವಿಷಯವು ಇದೇ. ಗಿಡವು ಹೂ ಬಿಟ್ಟು ಬೀಜ ಕಟ್ಟುವ ಕಾಲವೂ ನಮ್ಮ ಅಡಕೆ ಕೊಯ್ಲಿನ ಕಾಲವೂ ಒಂದೇ. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಇವುಗಳಲ್ಲಿ ಮನೆಯವರೂ ಆಳುಗಳೂ ಮುಳುಗಿರುವಾಗ ಬೆಟ್ಟದ ಕಡೆಗೆ ನೋಡುವವರಿಲ್ಲ. ಕೊಯ್ಲು ಮುಗಿದು ಬಿಡುವಾದ ಮೇಲೆ ಕತ್ತಿ ಹಿಡಿದು ಹೋಗುವ ವೇಳೆಗೆ ಬೀಜವು ಹಾರಿಹೋಗಿರುತ್ತದೆ. ಕಡಿಯುವಾಗ ಉಳಿದುದೂ ಉದುರುತ್ತದೆ. ಆ ಸೊಪ್ಪನ್ನು ತೋಟಕ್ಕೆ ತಂದರೆ ಬೀಜವೂ ತೋಟಕ್ಕೆ ಬರುತ್ತದೆ. ಮಾಡಿದ ಖರ್ಚು ಶತ್ರುವಿಗೆ ಸಹಾಯವಾದಂತಾಗುವುದು.

ಆದುದರಿಂದ ಕೆಲಸವನ್ನು ಮೂರು ಸರದಿಗಳಾಗಿ ಹಂಚಿಕೊಳ್ಳತಕ್ಕದ್ದು.

ಮೊದಲನೆಯ ಸರದಿ: ಜೂನ್ ಕೊನೆಯಿಂದ ಆಗಸ್ಟಿನವರೆಗೆ, ನೆಲ ನೆನೆದಿರುವಾಗ, ಸಸಿಗಳನ್ನು ಕೈಯಿಂದಲೇ ಬೇರುಸಹಿತ ಕೀಳುವುದು. ಒಣನೆಲದಲ್ಲಿ ಗುದ್ದಲಿಗೂ ಬಾರದ ಗಿಡವು ಈ ಕಾಲದಲ್ಲಿ ಬೆರಳಿಗೆ ಬರುವುದು. ದನ ಕಾಯುವವರೂ ಸೊಪ್ಪಿಗೆ ಹೋಗುವವರೂ ದಾರಿಯಲ್ಲಿಯೇ ಮಾಡಬಹುದಾದ ಕೆಲಸವಿದು.

ಎರಡನೆಯ ಸರದಿ: ನಾಟಿಯೂ ಕಳೆಯೂ ಮುಗಿದು, ಅಡಕೆ ಕೊಯ್ಲು ಇನ್ನೂ ಆರಂಭವಾಗದಿರುವ ಬಿಡುವಿನಲ್ಲಿ, ಅಂದರೆ ಹುಬ್ಬೆ, ಉತ್ತರೆ, ಹಸ್ತೆ ಈ ಮೂರು ಮಳೆಗಳ ಅವಧಿಯಲ್ಲಿ ದೊಡ್ಡ ಪೊದೆಗಳನ್ನು ಕಡಿಯುವುದು. ಇದು ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್ 10ರ ಸುಮಾರಿನವರೆಗೆ ಬೀಳುವುದು. ಆಗ ಗಿಡದಲ್ಲಿ ಸೊಪ್ಪು ಹೇರಳ, ಕಾಂಡ ಇನ್ನೂ ಎಳೆಯದು, ಬೀಜವಿಲ್ಲ. ಕಡಿದ ಮೇಲೆ ಬುಡವನ್ನು ಗುದ್ದಲಿಯಿಂದ ಅಗೆದು ತೆಗೆದರೆ ಮಾತ್ರ ಕೆಲಸ ಪೂರ್ತಿಯಾಗುವುದು. ಎಲ್ಲ ಕಡೆಯಲ್ಲಿಯೂ ಬುಡ ಅಗೆಯಲು ಶಕ್ತಿಯಿಲ್ಲದವರು ವರ್ಷಕ್ಕೆ ಸ್ವಲ್ಪ ಭಾಗದಂತೆ ಅಗೆದು, ಉಳಿದ ಕಡೆ ಕಡಿಯುವುದನ್ನಾದರೂ ತಪ್ಪಿಸಬಾರದು. ಇಳಿಜಾರು ಕಡಿದಾಗಿರುವಲ್ಲಿ ಬುಡ ಅಗೆದರೆ ಮಣ್ಣು ಕೊಚ್ಚಿಹೋಗುವುದರಿಂದ, ಅಂತಹ ಕಡೆ ಕಡಿದುಬಿಟ್ಟು, ಮರುಚಿಗುರನ್ನು ಮತ್ತೆ ಸವರುವುದೇ ಸರಿ.

ಮೂರನೆಯ ಸರದಿ: ಡಿಸೆಂಬರಿನಲ್ಲಿ ಒಬ್ಬ ಆಳು ಒಂದೆರಡು ದಿನ ಬೆಟ್ಟವನ್ನು ಸುತ್ತಿ ಬರುವುದು. ಕಡಿದ ಬುಡದಿಂದ ಚಿಗುರಿದ ಗಿಡ್ಡ ಕೊಂಬೆಗಳೂ ಹೂ ಬಿಡಬಹುದಾದ್ದರಿಂದ, ಹೂವಿನಿಂದಲೇ ಅವನ್ನು ಗುರುತುಹಿಡಿದು ಮುರಿದುಹಾಕುವುದು. ತಪ್ಪಿಸಿಕೊಂಡ ಗಿಡಗಳು ಎಲ್ಲಿವೆಯೆಂದು ದೂರದಿಂದಲೇ ತಿಳಿಯುವುದಕ್ಕೆ ಈ ತಿಂಗಳೇ ಒಳ್ಳೆಯದು.

ಹೀಗೆ ಕಡೇಪಕ್ಷ ಮೂರು ವರ್ಷ ಬಿಡದೆ ಮಾಡಬೇಕು. ಕಡಿಯುವಾಗ ಪೊದೆಯ ಕೆಳಗೆ ಅಡಗಿರುವ ಮರದ ಸಸಿಗಳಿಗೆ ಕತ್ತಿ ತಾಗದಂತೆ ಎಚ್ಚರವಿರಲಿ. ಕಂಡ ಸಸಿಯ ಪಕ್ಕದಲ್ಲಿ ಒಂದು ಗೂಟ ನೆಟ್ಟು ಗುರುತುಮಾಡುವುದು ಉತ್ತಮ. ಕಳೆನಾಶಕ ಔಷಧಿಗಳನ್ನು ಬೆಟ್ಟದಲ್ಲಿ ಸಿಂಪಡಿಸುವುದನ್ನು ನಾವು ಸಲಹೆಮಾಡುವುದಿಲ್ಲ. ಬೆಟ್ಟದ ನೀರು ತೋಟಕ್ಕೂ ಬಾವಿಗೂ ಹಳ್ಳಕ್ಕೂ ಇಳಿಯುವುದು. ಶರಾವತಿಯು ಹುಟ್ಟುವ ಅಂಬುತೀರ್ಥವೂ ಇದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ ಎಂಬುದನ್ನು ಮರೆಯಲಾಗದು.

8. ಕಡಿದ ಸೊಪ್ಪಿನಿಂದ ಗೊಬ್ಬರ

ಈ ಕೆಲಸದ ಖರ್ಚನ್ನು ಗಿಡವೇ ತೀರಿಸಬಲ್ಲದು. ಅಡಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಕೊಡಬೇಕೆಂಬುದು ಅಡಕೆ ಸಂಶೋಧಕರ ಶಿಫಾರಸು. ಒಂಬತ್ತು ಅಡಿಗೊಂದರಂತೆ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 540 ಮರಗಳಾಗುತ್ತವೆ. ಹಸಿರು ಸೊಪ್ಪೇ ಎಕರೆಗೆ 65 ಕ್ವಿಂಟಾಲಿನಷ್ಟು ಬೇಕಾಯಿತು. ಇಷ್ಟನ್ನೂ ಮರ ಸವರಿಯೇ ತರಬೇಕೆಂದರೆ ಬೆಟ್ಟವು ತಾಳಲಾರದು. ಯುಪಟೋರಿಯಂ ಸೊಪ್ಪನ್ನು ಇದರ ಒಂದು ಭಾಗಕ್ಕೆ ಉಪಯೋಗಿಸಿದರೆ ಅಷ್ಟು ಮರದ ಕೊಂಬೆ ಉಳಿದಂತಾಗುವುದು. ಒಣಗಿದ ಸೊಪ್ಪಿನಲ್ಲಿ ನೂರಕ್ಕೆ ಎರಡರಿಂದ ಮೂರು ಭಾಗ ಸಾರಜನಕವಿರುವುದರಿಂದ ಗೊಬ್ಬರದ ಗುಣವೂ ಚೆನ್ನಾಗಿದೆ.

ಗೊಬ್ಬರ ಮಾಡುವ ಕ್ರಮ: ಮಳೆಯ ನೀರು ನಿಲ್ಲದ ಎತ್ತರದ ಜಾಗದಲ್ಲಿ, ಮೂರು ಅಡಿ ಆಳ, ಆರು ಅಡಿ ಅಗಲ, ಬೇಕಾದಷ್ಟು ಉದ್ದದ ಗುಂಡಿ ತೆಗೆಯಿರಿ. ಮಳೆ ಇನ್ನೂ ಬಲವಾಗಿದ್ದರೆ ಗುಂಡಿಯ ಬದಲು ನೆಲದ ಮೇಲೆಯೇ ರಾಶಿಮಾಡಿ ಮೇಲೊಂದು ಚಪ್ಪರ ಹಾಕಬಹುದು. ಸೊಪ್ಪನ್ನೂ ಎಳೆಯ ಕಾಂಡವನ್ನೂ ಎರಡು ಮೂರು ಅಂಗುಲದ ತುಂಡುಗಳಾಗಿ ಕೊಚ್ಚಿ, ಅರ್ಧ ಅಡಿ ದಪ್ಪಕ್ಕೆ ಹರಡಿ, ಅದರ ಮೇಲೆ ಸಗಣಿಯ ಬಗ್ಗಡವನ್ನು ಚಿಮುಕಿಸಿ, ತೆಳುವಾಗಿ ಮಣ್ಣು ಅಥವಾ ಹಳೆಯ ಗೊಬ್ಬರ ಹಾಕಿರಿ. ಹೀಗೆ ಪದರದ ಮೇಲೆ ಪದರವಾಗಿ ನೆಲದಿಂದ ಒಂದೂವರೆ ಅಡಿ ಮೇಲೆ ಬರುವವರೆಗೆ ತುಂಬಿ, ಕೆಸರುಮಣ್ಣಿನಿಂದ ಮೆತ್ತತಕ್ಕದ್ದು. ಒಂದು ತಿಂಗಳಾದ ಮೇಲೆ ಒಮ್ಮೆ ತಿರುವಿಹಾಕಿ, ಒಣಗಿದ್ದರೆ ನೀರು ಹಾಕಬೇಕು. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದೆ ಕೈ ಮಾತ್ರ ಒದ್ದೆಯಾಗುವಷ್ಟು ತೇವ ಸಾಕು. ಮೂರು ನಾಲ್ಕು ತಿಂಗಳಲ್ಲಿ ಕಪ್ಪಾದ, ದುರ್ವಾಸನೆಯಿಲ್ಲದ ಗೊಬ್ಬರವಾಗುವುದು. ಅರ್ಧ ಕೊಳೆತ ಮೇಲೆ ಎರೆಹುಳುಗಳನ್ನು ಬಿಟ್ಟು ಎರೆಗೊಬ್ಬರ ಮಾಡುವವರೂ ಇದ್ದಾರೆ.

ಕೊಟ್ಟಿಗೆಗೆ ಹಾಸಲು ಕೆಲವರು ಈ ಸೊಪ್ಪನ್ನು ತರುವುದುಂಟು. ಬೇರೆ ಸೊಪ್ಪಿನೊಡನೆ ಸೇರಿಸಿ ಹಾಸಬಹುದು. ಆದರೆ ಹಸಿದ ಕರುಗಳು ಅದನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳತಕ್ಕದ್ದು. ಹೂವು ಅಥವಾ ಬೀಜವಿರುವ ಸೊಪ್ಪನ್ನು ಮಾತ್ರ ಯಾವ ಕಾರಣಕ್ಕೂ ಕೊಟ್ಟಿಗೆಗಾಗಲಿ ತೋಟಕ್ಕಾಗಲಿ ತರಕೂಡದು.

ಗೊಬ್ಬರಕ್ಕೆ ಒಳ್ಳೆಯದೆಂದು ಕೇಳಿ ಇದನ್ನು ಬೇಕೆಂದು ಬೆಳೆಸುವ ಯೋಚನೆ ಯಾರಿಗೂ ಬಾರದಿರಲಿ. ಇರುವುದನ್ನು ತೀರಿಸುವುದಕ್ಕಾಗಿ ಉಪಯೋಗವೇ ಹೊರತು ಉಪಯೋಗಕ್ಕಾಗಿ ಬೆಳೆಸುವುದಲ್ಲ.

9. ತೆರವಾದ ಜಾಗಕ್ಕೆ ನೆರಳು

ಗಿಡವನ್ನು ಕಿತ್ತ ನೆಲವನ್ನು ಬರಿದಾಗಿ ಬಿಟ್ಟರೆ ಅದೇ ಗಿಡ ಮತ್ತೆ ಬರುವುದು. ಮುಂದಿನ ಮುಂಗಾರಿನಲ್ಲಿ ಮತ್ತಿ, ಹೊನ್ನೆ, ನೇರಲು, ಹಲಸು, ಉಪ್ಪಾಗೆ ಮುಂತಾದ ನಮ್ಮ ನೆಲದ ಸಸಿಗಳನ್ನು ನೆಟ್ಟು, ಎರಡು ಮೂರು ವರ್ಷ ಸುತ್ತಲಿನ ಕಳೆಯನ್ನು ತೆಗೆಯುತ್ತಿರಬೇಕು. ತಾನಾಗಿ ಹುಟ್ಟಿದ ಸಸಿಗಳಿದ್ದರೆ ಅವನ್ನು ಕಾಪಾಡುವುದು ನೆಡುವುದಕ್ಕಿಂತ ಸುಲಭ. ಮರಗಳ ತಲೆಗಳು ಒಂದನ್ನೊಂದು ಮುಟ್ಟುವ ದಿನ ಯುಪಟೋರಿಯಂ ತಾನಾಗಿಯೇ ಸೊರಗುವುದು.

ಮರಗಳು ಬೆಳೆಯುವವರೆಗೆ ಸೊಪ್ಪಿಗೆ ಏನು ಮಾಡುವುದೆಂದು ಕೇಳಬಹುದು. ಬೇಲಿಯ ಸಾಲಿನಲ್ಲಿಯೂ ತೋಟದ ಅಗಳಿನ ದಡದಲ್ಲಿಯೂ ಗ್ಲಿರಿಸಿಡಿಯ, ಅಂದರೆ ಗೊಬ್ಬರದ ಗಿಡವನ್ನು ನೆಡಬಹುದು. ಮೂರು ಅಡಿ ಉದ್ದದ ಬಲಿತ ಕೊಂಬೆಗಳನ್ನು ಮುಂಗಾರಿನ ಆರಂಭದಲ್ಲಿ ಊರಿದರೆ ಬೇರುಬಿಡುತ್ತವೆ. ಎರಡು ವರ್ಷ ಕಳೆದ ಮೇಲೆ ವರ್ಷಕ್ಕೆ ಎರಡು ಸಲ ಸವರಬಹುದು. ಸೊಪ್ಪು ಮನೆಯ ಹತ್ತಿರವೇ ಸಿಕ್ಕುವುದರಿಂದ ಬೆಟ್ಟಕ್ಕೆ ಅಷ್ಟರಮಟ್ಟಿಗೆ ವಿಶ್ರಾಂತಿ ದೊರೆಯುವುದು.

10. ಕೀಟಗಳಿಂದ ನಿವಾರಣೆ

ಈ ಗಿಡವನ್ನು ತಿನ್ನುವ ಕೀಟಗಳನ್ನು ಅದರ ತವರಿನಿಂದ ತಂದು ಬಿಡುವ ಪ್ರಯತ್ನಗಳೂ ನಡೆದಿವೆ. 1970ರ ದಶಕದಲ್ಲಿ ಟ್ರಿನಿಡಾಡ್ ದ್ವೀಪದಿಂದಲೂ 1980ರ ದಶಕದಲ್ಲಿ ಶ್ರೀಲಂಕೆಯಿಂದಲೂ ಎಲೆ ತಿನ್ನುವ ಒಂದು ಕಂಬಳಿಹುಳುವಿನ ಪತಂಗವನ್ನು ತರಿಸಲಾಯಿತು. ಕೆಲವೆಡೆ ಅದು ನೆಲಸಿದರೂ ಗಿಡದ ಹಾವಳಿ ತಗ್ಗಲಿಲ್ಲ. ಆಮೇಲೆ ಕೊಲಂಬಿಯಾ ಮೂಲದ, ಇಂಡೋನೇಷ್ಯಾದಲ್ಲಿ ಫಲಕೊಟ್ಟ, ಕಾಂಡದಲ್ಲಿ ಗಂಟು ಕಟ್ಟುವ ಒಂದು ಸಣ್ಣ ನೊಣವನ್ನು ತಂದು, 2005ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಮಾಡಿದರು. ಇದರ ಮರಿಹುಳು ಕಾಂಡದ ತುದಿಯೊಳಗೆ ಬೆಳೆದು, ಅಲ್ಲಿ ಉಬ್ಬಿದ ಗಂಟಾಗಿ, ಕೊಂಬೆಯ ಬೆಳವಣಿಗೆಯೂ ಹೂವೂ ಕುಂದುತ್ತವೆ. ನಿಮ್ಮ ಬೆಟ್ಟದಲ್ಲಿ ಇಂತಹ ಗಂಟುಗಳು ಕಂಡರೆ ಆ ಕೊಂಬೆಗಳನ್ನು ನಾಶಮಾಡದೆ, ಹತ್ತಿರದ ಕೃಷಿ ಅಧಿಕಾರಿಗಳಿಗೆ ತಿಳಿಸಿರಿ. ಕೀಟವು ಸಹಾಯಕ ಮಾತ್ರ; ಅದನ್ನು ನಂಬಿ ಕತ್ತಿಯನ್ನು ಕೆಳಗಿಡುವಂತಿಲ್ಲ.

11. ಊರು ಕೂಡಿ ಮಾಡಬೇಕಾದುದು

ಒಬ್ಬನು ತನ್ನ ಬೆಟ್ಟವನ್ನು ಹಸನುಮಾಡಿ, ಪಕ್ಕದವನು ಬಿಟ್ಟುಬಿಟ್ಟರೆ ಮಾರ್ಚಿ ತಿಂಗಳ ಗಾಳಿಯು ಇಬ್ಬರನ್ನೂ ಸಮನಾಗಿ ಮಾಡುವುದು. ಆದುದರಿಂದ ಊರಿನ ಮುಖಂಡರು ಉತ್ತರೆ ಮಳೆಯ ಕಾಲದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ರಸ್ತೆಯ ಬದಿ, ಗೋಮಾಳ, ಕೆರೆಯ ಏರಿ, ಶಾಲೆಯ ಮತ್ತು ದೇವಸ್ಥಾನದ ಆವರಣ ಇವುಗಳನ್ನು ಎಲ್ಲರೂ ಕೂಡಿ ಹಸನುಮಾಡುವಂತೆ ಏರ್ಪಡಿಸಬೇಕು. ಗ್ರಾಮ ಪಂಚಾಯಿತಿಯ ಮತ್ತು ಗ್ರಾಮ ಅರಣ್ಯ ಸಮಿತಿಯ ಸಹಾಯವನ್ನು ಪಡೆಯಬಹುದು. ಸೊಪ್ಪಿನಬೆಟ್ಟದಲ್ಲಿ ಮರ ಕಡಿಯುವ ವಿಷಯಕ್ಕೆ ಅರಣ್ಯದ ನಿಯಮಗಳು ಅನ್ವಯಿಸುವುದರಿಂದ, ಕಳೆ ತೆಗೆಯುವ ನೆಪದಲ್ಲಿ ಒಂದು ಮರಕ್ಕೂ ಕೊಡಲಿ ತಾಗದಂತೆ ನೋಡಿಕೊಳ್ಳುವ ಹೊಣೆಯೂ ಮುಖಂಡರದೇ.

ಸಾರಾಂಶ

1. ಎದುರುಬದುರಾದ ತ್ರಿಕೋನದ ಎಲೆ, ಬುಡದಿಂದ ಹೊರಟ ಮೂರು ನರ, ತಿಕ್ಕಿದರೆ ಕಟುವಾಸನೆ, ಮುಳ್ಳಿಲ್ಲದ ದುಂಡು ಕಾಂಡ: ಇವು ಯುಪಟೋರಿಯಂ ಗಿಡದ ಗುರುತುಗಳು.

2. ಮಳೆಗಾಲದಲ್ಲಿ ಸಸಿಗಳನ್ನು ಕೀಳಿರಿ. ಹಸ್ತೆಯ ಮಳೆ ಮುಗಿಯುವುದರೊಳಗೆ ಪೊದೆಗಳನ್ನು ಕಡಿಯಿರಿ. ಡಿಸೆಂಬರಿನಲ್ಲಿ ಒಮ್ಮೆ ಸುತ್ತಿ ನೋಡಿರಿ. ಮೂರು ವರ್ಷ ಬಿಡದೆ ಮಾಡಿರಿ.

3. ಹೂವಿಲ್ಲದ ಸೊಪ್ಪು ಗೊಬ್ಬರವಾಗುವುದು. ಹೂ ಬಿಟ್ಟ ಸೊಪ್ಪು ಬೀಜವಾಗುವುದು.

4. ಬೆಂಕಿಯಿಡಬೇಡಿರಿ, ದನಕ್ಕೆ ಮೇವಾಗಿ ಕೊಡಬೇಡಿರಿ.

5. ಮರಗಳನ್ನು ಸರದಿಯ ಮೇಲೆ ಸವರಿರಿ. ತೆರವಾದ ಜಾಗದಲ್ಲಿ ಸಸಿ ನೆಡಿರಿ.

ಬರುವ ಉತ್ತರೆಯ ಮಳೆಯಲ್ಲಿ ತೋಟದ ಕೆಲಸ ಸ್ವಲ್ಪ ಬಿಡುವಾದ ಒಂದು ಬೆಳಗ್ಗೆ, ತಮ್ಮ ತಮ್ಮ ಬೆಟ್ಟಗಳನ್ನು ಒಮ್ಮೆ ಸುತ್ತಿ ಬರಬೇಕೆಂದು ವಾಚಕರಲ್ಲಿ ವಿನಂತಿ. ಎಷ್ಟು ಭಾಗ ನೆರಳಿದೆ, ಎಷ್ಟು ಭಾಗ ಬಯಲಿದೆ, ಬಯಲಿನಲ್ಲಿ ಯಾವ ಗಿಡ ನಿಂತಿದೆ ಎಂದು ಕಣ್ಣಾರೆ ಕಂಡವರಿಗೆ ಮುಂದಿನ ಕೆಲಸವನ್ನು ಬೇರೆಯವರು ಹೇಳಬೇಕಾಗಿಲ್ಲ.